ಮಾತು ನಿಂತರೆ ಲಾರಿ ನಿಲ್ಲಿಸುತ್ತಿದ್ದ ನಮ್ಮ ಭಾವ

ನಮ್ಮ ಭಾವ ಲಾರಿ ಓಡಿಸುತ್ತಿದ್ದರು ಎಂದರೆ ಅದು ಪೂರ್ತಿ ಸತ್ಯವಾಗುವುದಿಲ್ಲ. ಅವರು ಲಾರಿಯನ್ನು ನಡೆಸುತ್ತಿದ್ದರು, ಹೆಜ್ಜೆ ಕಲಿಯುವ ಕೂಸನ್ನು ಕೈಹಿಡಿದು ನಡೆಸಿದ ಹಾಗೆ. ಮಧುಗಿರಿಯಿಂದ ಕೊಡಿಗೇನಹಳ್ಳಿಯ ಕಡೆಗೆ ಹೊರಟಿದ್ದ ಅವರ ಲಾರಿಯನ್ನು ಕಡಲೆಕಾಯಿ ಮೂಟೆ ಹೇರಿದ್ದ ಎತ್ತಿನ ಗಾಡಿಯೊಂದು ಹಿಂದೆ ಹಾಕಿ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗಾಡಿಯವನು ತಿರುಗಿ ನೋಡಿ, ಮುಂದಿನ ಊರಲ್ಲಿ ಯಾರಿಗಾದರೂ ಏನಾದರೂ ಹೇಳುವುದಿದ್ದರೆ ಹೇಳಿ ಸಾಮಿ, ನಾನು ಮೊದಲೇ ಹೋಗಿರುತ್ತೇನೆ ಎಂದು ವಿನಯದಿಂದಲೇ ಕೇಳಿದ. ಭಾವ ಕೋಪಿಸಿಕೊಳ್ಳಲಿಲ್ಲ. ನಿನ್ನ ಗಾಡಿಯ ಕಡಾಣಿ ಅಲ್ಲಾಡುತ್ತಿದೆ, ಇಳಿದು ನೋಡಿಕೋ ಎಂದರು. ಅವನು ಇಳಿದು ನೋಡಿದ. ಗಾಲಿ ಅಚ್ಚಿನಿಂದ ಕಳಚದಂತೆ ಹಿಡಿದಿರುವ ಆ ಕೀಲು ನಿಜಕ್ಕೂ ಅರ್ಧ ಹೊರಗೆ ಬಂದಿತ್ತು. ಇಂಥವರ ಮೇಲೆ ನಗುವುದು ಹೇಗೆ? ಆದರೂ ನಾವೆಲ್ಲ ನಗುತ್ತಿದ್ದೆವು.

ಅವರು ನನ್ನ ಅಕ್ಕನ ಗಂಡ. ಹುಟ್ಟಿದ್ದು ಸಿರಾ ತಾಲ್ಲೂಕಿನ ಬರಗೂರಿನಲ್ಲಿ, ಮೋಟಾರು ಕಲಿತದ್ದು ಸಿರಾದ ಒಬ್ಬ ಸಾಹೇಬರ ಕೈಕೆಳಗೆ. ಆ ಉಸ್ತಾದರು ಮೊದಲ ಆರು ತಿಂಗಳು ಇವರಿಗೆ ಗಾಡಿ ನಿಲ್ಲಿಸುವುದನ್ನು ಮಾತ್ರ ಕಲಿಸಿದರಂತೆ. ಓಡಿಸುವುದನ್ನು ಕಲಿಸುವ ಹೊತ್ತಿಗೆ ಮೋಟಾರೇ ಮಾರಾಟವಾಗಿ ಹೋಯಿತು ಎಂದು ಅಕ್ಕ ಗಂಡನ ಎದುರಿಗೇ ಹೇಳುತ್ತಿದ್ದಳು. ಭಾವನಿಗೆ ಓದು ಬರಹ ಬರುತ್ತಿರಲಿಲ್ಲ. ಹಣೆಗೆ ಮೂರು ಬೆರಳಿನ ವಿಭೂತಿ, ಮೇಲೆ ಖಾಕಿ ಕೋಟು, ಹೆಗಲಿಗೊಂದು ಕರಿ ಕಂಬಳಿ. ಚಳಿಯಿರಲಿ ಬಿಸಿಲಿರಲಿ ಆ ಕಂಬಳಿ ಹೆಗಲು ಬಿಟ್ಟು ಇಳಿಯುತ್ತಿರಲಿಲ್ಲ.

ಆಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಕೊಡಿಗೇನಹಳ್ಳಿ ದಾಟಿ, ಜಯಮಂಗಲಿ ಹೊಳೆಯನ್ನೂ ದಾಟಿದರೆ ಸಿಗುವ ಗುಡ್ಡದ ಬುಡದಲ್ಲಿ ಒಂದು ಕಂಪನಿ ಕುರುಂದದ ಕಲ್ಲು ತೆಗೆಸುತ್ತಿತ್ತು. ಸಾಣೆ ಹಿಡಿಯಲು ಬಳಸುವ ಆ ಗಟ್ಟಿ ಕಲ್ಲಿಗೆ ಯುದ್ಧದ ಕಾರ್ಖಾನೆಗಳಲ್ಲಿ ಭಾರಿ ಬೇಡಿಕೆ. ಕಂಪನಿಗೆ ಎರಡು ಲಾರಿಗಳಿದ್ದವು. ಒಂದು ಕಲ್ಲು ಸಾಗಿಸುವುದಕ್ಕೆ, ಇನ್ನೊಂದು ಕಲ್ಲು ಒಡೆಯುವವರನ್ನು ಸಾಗಿಸುವುದಕ್ಕೆ. ಎರಡನೆಯದು ಭಾವನದು. ನಾನು ಅದೇ ಕಂಪನಿಯಲ್ಲಿ ರೈಟರು. ಆಳುಗಳ ಹಾಜರಿ ಹಿಡಿಯುವುದು, ಮ್ಯಾನೇಜರು ಹೇಳಿದ ಕಾಗದಗಳನ್ನು ಬರೆಯುವುದು ನನ್ನ ಕೆಲಸ. ಹೀಗಾಗಿ ದಿನವೂ ಆ ಲಾರಿಯಲ್ಲಿ ಹೋಗಿ ಬರುವ ಭಾಗ್ಯ ನನಗೂ ಇತ್ತು.

ಬೆಳಗ್ಗೆ ಲಾರಿ ಹತ್ತುವುದೆಂದರೆ ಒಂದು ವ್ರತ. ಯಾರೂ ತಮಗೆ ತೋಚಿದ ಕಡೆ ಕೂರುವ ಹಾಗಿರಲಿಲ್ಲ. ಬಸುರಿಯರು, ವಯಸ್ಸಾದವರು ಮುಂದೆ, ಡ್ರೈವರನ ಬೆನ್ನಿಗೆ ಒರಗಿದ ಹಲಗೆಯ ಹತ್ತಿರ. ಎಳೆ ಹೆಂಗಸರು ನಡುವೆ. ಗಟ್ಟಿ ಗಂಡಸರು ಹಿಂದೆ. ಎಲ್ಲರೂ ನೆಲಕ್ಕೆ ಕೂರಬೇಕು. ನಿಂತರೆ ಲಾರಿ ಹೊರಡುವುದಿಲ್ಲ, ಪಕ್ಕದ ಹಲಗೆಯ ಮೇಲೆ ಕೈಯಿಟ್ಟರೂ ಹೊರಡುವುದಿಲ್ಲ. ಹಿಂದೆ ಅಡ್ಡಕ್ಕೆ ದಪ್ಪನೆಯ ತೆಂಗಿನ ನಾರಿನ ಉದ್ದ ಹಗ್ಗವನ್ನು ಹಲವು ಸುತ್ತು ಕಟ್ಟಿ, ಗಂಟನ್ನು ತಾವೇ ಮೂರು ಸಲ ಎಳೆದು ನೋಡುತ್ತಿದ್ದರು. ಆಮೇಲೆ ಲಾರಿಯ ಸುತ್ತ ಒಂದು ಸುತ್ತು ಬಂದು, ಬಗ್ಗಿ ಅಡಿಯಲ್ಲಿ ನೋಡಿ, ನಾಲ್ಕು ಗಾಲಿಗಳನ್ನೂ ತಟ್ಟುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ ಹೆಂಗಸೊಬ್ಬಳು ಇದನ್ನು ಪ್ರದಕ್ಷಿಣೆ ಎಂದೇ ತಿಳಿದು, ಕೂತಲ್ಲಿಂದಲೇ ಕೈಮುಗಿದಿದ್ದಳು.

ಪೆಟ್ರೋಲು ಸಿಗದ ದಿನಗಳು. ಲಾರಿ ಓಡುತ್ತಿದ್ದುದು ಇದ್ದಿಲಿನ ಗ್ಯಾಸಿನಿಂದ. ಮನುಷ್ಯನ ಎತ್ತರದ ಒಂದು ತಗಡಿನ ಡ್ರಮ್ಮನ್ನು ಡ್ರೈವರನ ಹಿಂದುಗಡೆ ಪಕ್ಕಕ್ಕೆ ಕಟ್ಟಿ, ಅದರಲ್ಲಿ ಇದ್ದಿಲು ಕೆಂಡ ಮಾಡಿ, ಆ ಹೊಗೆಯಿಂದಲೇ ಎಂಜಿನ್ನು ನಡೆಯಬೇಕು. ಆ ಗ್ಯಾಸು ಎಲ್ಲಾದರೂ ಸೋರಿದರೆ ಜನಕ್ಕೆ ಜೊಂಪು ಹತ್ತುತ್ತದೆ, ಜೊಂಪು ಹತ್ತಿದವರು ಏಳುವುದಿಲ್ಲ ಎಂದು ಭಾವ ಸಿರಾದಲ್ಲಿ ಕೇಳಿದ್ದರು. ಅಂದಿನಿಂದ ಅವರ ಲಾರಿಯಲ್ಲಿ ಯಾರೂ ತೂಕಡಿಸುವಂತಿಲ್ಲ. ಆದರೆ ಮುಂದೆ ಕೂತು ಓಡಿಸುವವನಿಗೆ ಹಿಂದಿನವರು ಎಚ್ಚರವಿದ್ದಾರೋ ಇಲ್ಲವೋ ಗೊತ್ತಾಗುವುದು ಹೇಗೆ? ಅದಕ್ಕೆ ಅವರು ಒಂದು ಉಪಾಯ ಕಂಡುಕೊಂಡರು. ದಾರಿಯುದ್ದಕ್ಕೂ ಜನ ಮಾತಾಡುತ್ತಿರಬೇಕು. ಮಾತು ನಿಂತರೆ ಲಾರಿ ನಿಲ್ಲುತ್ತಿತ್ತು. ಭಾವ ಇಳಿದು ಹಿಂದೆ ಬಂದು, ಯಾಕೆ ಮಾತು ನಿಂತಿತು ಎಂದು ಒಬ್ಬೊಬ್ಬರ ಮುಖವನ್ನೂ ನೋಡಿ, ಎಲ್ಲರೂ ಕಣ್ಣು ಬಿಟ್ಟಿರುವುದನ್ನು ಖಾತ್ರಿ ಮಾಡಿಕೊಂಡು ಹೋಗುತ್ತಿದ್ದರು.

ದಿನವೂ ಅಷ್ಟು ದೂರ ಮಾತಾಡಲು ವಿಷಯವಾದರೂ ಎಲ್ಲಿಂದ ಬರಬೇಕು? ಆಗ ಮುಂದೆ ಬಂದವಳು ನರಸಮ್ಮ. ಅವಳು ಪಾವಗಡದ ಕಡೆಯವಳು, ಕೊಡಿಗೇನಹಳ್ಳಿಗೆ ಸೊಸೆಯಾಗಿ ಬಂದವಳು, ಕನ್ನಡವನ್ನೂ ತೆಲುಗನ್ನೂ ಒಂದೇ ಉಸಿರಿನಲ್ಲಿ ಆಡುವವಳು. ಮದುವೆಯಾಗಿ ಇಪ್ಪತ್ತು ವರ್ಷ ಅತ್ತೆಯ ಮನೆಯಲ್ಲಿ ಬಾಯಿ ಬಿಡಲು ಅವಕಾಶವಿಲ್ಲದೆ ಕೂಡಿಟ್ಟುಕೊಂಡಿದ್ದ ಮಾತನ್ನೆಲ್ಲ ಅವಳು ಆ ಲಾರಿಯಲ್ಲಿ ಖರ್ಚು ಮಾಡಿದಳು. ಅವಳ ಅತ್ತೆಯ ಚರಿತ್ರೆ ಮುಗಿಯಲು ಒಂದು ಮಳೆಗಾಲ ಹಿಡಿಯಿತು. ಇಡೀ ಕಂಪನಿಯಲ್ಲಿ ತನ್ನ ಕೆಲಸವನ್ನು ಅಷ್ಟು ಸಂತೋಷದಿಂದ ಮಾಡಿದ ಇನ್ನೊಬ್ಬರನ್ನು ನಾನು ನೋಡಲಿಲ್ಲ.

ಭಾವನಿಗೂ ಮ್ಯಾನೇಜರಿಗೂ ಮೊದಲ ಜಟಾಪಟಿಯಾದದ್ದು ಎಷ್ಟು ಜನರನ್ನು ಹತ್ತಿಸಬೇಕು ಎಂಬ ವಿಷಯಕ್ಕೆ. ಮ್ಯಾನೇಜರು ಬೆಂಗಳೂರಿನವರು, ಜರಿ ಪೇಟ, ಕೈಯಲ್ಲಿ ಗಡಿಯಾರ. ಕೆಟ್ಟವರೇನಲ್ಲ. ಆದರೆ ಅವರ ಮೇಲೂ ಮೇಲಿನವರಿದ್ದರು, ಕಲ್ಲು ಸಾಲದು ಎಂದು ದಿನಕ್ಕೊಂದು ತಂತಿ ಬರುತ್ತಿತ್ತು. ಒಂದು ದಿನ ಅವರು, ಇದೇ ಲಾರಿಯಲ್ಲಿ ಐವತ್ತು ಜನ ಬರಬಹುದಲ್ಲ, ಅಷ್ಟೇ ತೂಕದ ಕಲ್ಲನ್ನು ಇನ್ನೊಂದು ಲಾರಿ ಹೊರುವುದಿಲ್ಲವೆ ಎಂದು ಕೇಳಿದರು. ಭಾವ ಮೂವತ್ತು ಆಳಿನ ಮೇಲೆ ಒಬ್ಬರನ್ನೂ ಹತ್ತಿಸುವುದಿಲ್ಲ ಎಂದರು. ಕಾರಣವೇನು ಎಂದಾಗ ಅವರು ಹೇಳಿದ್ದು ಇಷ್ಟೇ:

“ಕಲ್ಲು ಬಿದ್ರೆ ಇಳಿದು ಎತ್ತಿ ಆಕ್ಕೊಬೋದು ಸ್ವಾಮಿ. ಮನುಷ್ರು ಬಿದ್ರೆ ಎತ್ತಿ ಆಕ್ಕೊಳಕಾಯ್ತದಾ?”

ಮ್ಯಾನೇಜರು ಪೇಟ ಸರಿಪಡಿಸಿಕೊಂಡು ಒಳಗೆ ಹೋದರು. ಮನಸ್ಸಿನಲ್ಲಿ ಬರೆದಿಟ್ಟುಕೊಂಡರು ಎಂದು ನನಗೆ ಆಗಲೇ ಅನ್ನಿಸಿತು.

ಇನ್ನು ಹೊಳೆಯ ವಿಚಾರ. ಜಯಮಂಗಲಿಗೆ ಅಲ್ಲಿ ಸೇತುವೆ ಇರಲಿಲ್ಲ. ವರ್ಷದಲ್ಲಿ ಹತ್ತು ತಿಂಗಳು ಅದು ಬರೀ ಮರಳು, ನಡುವೆ ಪಾದ ಮುಳುಗುವಷ್ಟು ನೀರು. ಆ ಮರಳಿನ ಮೇಲೆ ಸೊಪ್ಪು ಸದೆ ಹಾಸಿ ಲಾರಿ ದಾಟಿಸುತ್ತಿದ್ದರು. ಭಾವ ಮಾತ್ರ ದಿನವೂ ಮೊದಲು ತಾವೊಬ್ಬರೇ ಕೋಲು ಹಿಡಿದು ಆ ದಡದವರೆಗೆ ನಡೆದು ಹೋಗಿ, ಹಿಂತಿರುಗಿ ಬಂದು, ಆಮೇಲೆ ಗಾಡಿ ಇಳಿಸುತ್ತಿದ್ದರು. ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೊರಟಗೆರೆ ಕಡೆ ಮಳೆಯಾಯಿತೆ ಎಂದು ಕೇಳುತ್ತಿದ್ದರು. ಹೊಳೆ ಹರಿದು ಬರುವುದು ಆ ಕಡೆಯಿಂದ. ಇಲ್ಲಿ ಬಿಸಿಲಿದ್ದರೂ ಅಲ್ಲಿ ಹುಯ್ದ ಮಳೆ ಇಲ್ಲಿಗೆ ತಡವಾಗಿ ಬಂದು ಮುಟ್ಟುತ್ತದೆ. ನೆತ್ತಿಯ ಮೇಲೆ ಒಂದು ಚೂರು ಮೋಡವಿಲ್ಲದ ದಿನವೂ ಈ ಮನುಷ್ಯ ಮಳೆಯ ಸುದ್ದಿ ಕೇಳುವುದನ್ನು ಕಂಡು ಕೊಡಿಗೇನಹಳ್ಳಿಯ ಅಂಗಡಿಯವರು ತಮ್ಮತಮ್ಮಲ್ಲೇ ನಗುತ್ತಿದ್ದರು.

ಅಂಥದೇ ಒಂದು ಬಿಸಿಲಿನ ಬೆಳಗ್ಗೆ ಅದು ನಡೆಯಿತು. ಬೆಂಗಳೂರಿನಿಂದ ದೊಡ್ಡ ಅಧಿಕಾರಿಯೊಬ್ಬರು ಬೇರೆ ದಾರಿಯಿಂದ ಗುಡ್ಡಕ್ಕೆ ಬರುವವರಿದ್ದರು. ಅವರು ಬರುವ ಹೊತ್ತಿಗೆ ಆಳುಗಳೆಲ್ಲ ಕೆಲಸದಲ್ಲಿರಬೇಕು ಎಂದು ಮ್ಯಾನೇಜರು ತಾವೇ ಭಾವನ ಪಕ್ಕದಲ್ಲಿ ಕೂತು ಹೊರಟಿದ್ದರು. ಹಿಂದೆ ಖಾಲಿ ಕಲ್ಲಿನ ಲಾರಿಯೂ ಬರುತ್ತಿತ್ತು. ಹೊಳೆಯ ದಡದಲ್ಲಿ ಭಾವ ಎಂದಿನಂತೆ ಗಾಡಿ ನಿಲ್ಲಿಸಿ ಕೋಲು ಹಿಡಿದು ಇಳಿದರು. ಆದರೆ ನಾಲ್ಕು ಹೆಜ್ಜೆ ಹೋಗಿ ನಿಂತುಬಿಟ್ಟರು. ನಿನ್ನೆ ತಿಳಿಯಾಗಿದ್ದ ನೀರು ಕೆಂಪಗೆ ಕದಡಿತ್ತು. ನೊರೆಯ ಜೊತೆಗೆ ಒಣಗಿದ ತರಗೆಲೆ ತೇಲಿ ಬರುತ್ತಿತ್ತು. ಆಳವೇನೋ ಅಷ್ಟೇ, ಪಾದ ಮುಳುಗುವಷ್ಟೇ. ಭಾವ ಕೋಲನ್ನು ನೀರಿನ ಅಂಚಿಗೆ ಸರಿಯಾಗಿ ಮರಳಲ್ಲಿ ನೆಟ್ಟು, ದಡಕ್ಕೆ ಬಂದು ಕುಕ್ಕರುಗಾಲಲ್ಲಿ ಕೂತರು. ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಅದನ್ನೇ ನೋಡಿದರು. ನೋಡುತ್ತಿದ್ದ ಹಾಗೇ ನೀರಿನ ಅಂಚು ಕೋಲನ್ನು ದಾಟಿ ಒಂದು ಮೊಳ ಈಚೆಗೆ ಬಂತು.

ಭಾವ ಎದ್ದು ಬಂದು, ಈ ಹೊತ್ತು ಹೊಳೆ ದಾಟುವುದಿಲ್ಲ ಎಂದರು.

ಮ್ಯಾನೇಜರು ಮೊದಲು ನಕ್ಕರು. ಆಮೇಲೆ ಗಡಿಯಾರ ನೋಡಿದರು. ಆಮೇಲೆ ಇದು ಯುದ್ಧದ ಕೆಲಸ, ತಡ ಮಾಡಿದರೆ ಕೆಲಸ ಕಳೆದುಕೊಳ್ಳುತ್ತೀಯ ಎಂದರು. ಭಾವ ಎಲ್ಲವನ್ನೂ ತಲೆ ತಗ್ಗಿಸಿ ಕೇಳಿ, ಎಂಜಿನ್ನು ತಿರುಗಿಸುವ ಕಬ್ಬಿಣದ ಹ್ಯಾಂಡಲನ್ನು ತೆಗೆದು ಕಂಬಳಿಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು. ಅದಿಲ್ಲದೆ ಯಾರೂ ಆ ಲಾರಿಯನ್ನು ಹೊರಡಿಸುವಂತಿರಲಿಲ್ಲ. ಆಗ ಮ್ಯಾನೇಜರು ನಮ್ಮ ಕಡೆ ತಿರುಗಿ, ಎಲ್ಲರೂ ಇಳಿದು ಕಲ್ಲಿನ ಲಾರಿ ಹತ್ತಿ, ಹತ್ತದವರು ನಾಳೆಯಿಂದ ಕೆಲಸಕ್ಕೆ ಬರುವುದು ಬೇಡ ಎಂದು ಹುಕುಂ ಮಾಡಿದರು.

ಲಾರಿಯಲ್ಲಿ ಮಾತು ನಿಂತುಹೋಯಿತು. ಎಲ್ಲರ ಮನೆಯಲ್ಲೂ ಒಲೆ ಉರಿಯುತ್ತಿದ್ದುದು ಆ ಕೆಲಸದಿಂದ. ಭಾವ ಹಿಂದೆ ಬಂದು ನಿಂತರು. ಇಳಿಯಬೇಡಿ ಎಂದು ಅವರು ಹೇಳಲಿಲ್ಲ. ಸುಮ್ಮನೆ ಎಲ್ಲರ ಮುಖ ನೋಡಿದರು. ಕೊನೆಗೆ ನರಸಮ್ಮ ಸೆರಗು ಬಿಗಿದುಕೊಂಡು ಇನ್ನೂ ಒತ್ತಾಗಿ ಕೂತಳು.

“ಪೋತೇ ಪನಿ ಪೋನೀ,” ಎಂದಳು. “ಕೆಲ್ಸ ಓದ್ರೆ ಓಗ್ಲಿ ಕಣಮ್ಮ. ಜೀವ ಇದ್ರೆ ಇನ್ನೊಂದು ಗುಡ್ಡ ಸಿಕ್ತದೆ.”

ಯಾರೂ ಇಳಿಯಲಿಲ್ಲ. ಇಳಿದವನು ನಾನೊಬ್ಬನೇ. ಹಾಜರಿ ಪುಸ್ತಕದ ಚೀಲ ಹೆಗಲಿಗೆ ಹಾಕಿಕೊಂಡು, ಹಗ್ಗದಡಿ ನುಸುಳಿ, ತಲೆ ತಗ್ಗಿಸಿ ಕಲ್ಲಿನ ಲಾರಿಯ ಕಡೆ ಹೊರಟೆ. ಮ್ಯಾನೇಜರು ಕರೆದರೆ ರೈಟರು ಹೋಗದೆ ಇರುತ್ತಾನೆಯೆ? ಭಾವ ನನ್ನ ಮುಂಗೈ ಹಿಡಿದರು.

“ನಿಮ್ಮಕ್ಕ ಕೇಳಿದ್ರೆ ನಾನೇನ್ ಏಳ್ಳಿ?” ಎಂದರು.

ಬಿಡಿ ಭಾವ ಎಂದು ನಾನು ಕೊಸರಿದೆ. ಬಿಡಲಿಲ್ಲ. ಸ್ಟೀರಿಂಗು ಹಿಡಿದು ಹಿಡಿದು ಕಬ್ಬಿಣವಾಗಿದ್ದ ಕೈ ಅದು. ಅವತ್ತು ನಾನು ನನ್ನ ಧೈರ್ಯದಿಂದ ಉಳಿದವನಲ್ಲ, ಅವರ ಹಿಡಿತದಿಂದ ಉಳಿದವನು. ಇದನ್ನು ಹೇಳಿಕೊಳ್ಳಲು ಈ ವಯಸ್ಸಿನಲ್ಲೂ ನಾಚಿಕೆಯಾಗುತ್ತದೆ.

ಮ್ಯಾನೇಜರು ಕೆಂಪಗಾಗಿ, ತಾವೊಬ್ಬರೇ ಕಲ್ಲಿನ ಲಾರಿ ಹತ್ತಿ ಹೊಳೆಗೆ ಇಳಿಸಲು ಹೇಳಿದರು. ಅಧಿಕಾರಿಯನ್ನು ತಾವಾದರೂ ಎದುರುಗೊಳ್ಳಬೇಕಿತ್ತಲ್ಲ. ಲಾರಿ ನಡುನೀರಿಗೆ ಹೋಗುವಷ್ಟರಲ್ಲಿ ಹಿಂದಿನ ಗಾಲಿಗಳು ಮರಳಲ್ಲಿ ಕುಸಿದವು. ಡ್ರೈವರು ಎಂಜಿನ್ನನ್ನು ಎಷ್ಟು ಹಿಂಸಿಸಿದರೂ ಗಾಲಿ ಇನ್ನೂ ಆಳಕ್ಕೆ ಹೋಯಿತೇ ಹೊರತು ಮುಂದಕ್ಕೆ ಹೋಗಲಿಲ್ಲ. ಆಗ ಮೇಲುಗಡೆಯಿಂದ ಒಂದು ಸದ್ದು ಕೇಳಿಸಿತು. ನೂರಾರು ದನಗಳನ್ನು ಒಟ್ಟಿಗೆ ಅಟ್ಟಿಕೊಂಡು ಬಂದ ಹಾಗೆ. ತಿರುವಿನಲ್ಲಿ ನೀರು ಕಾಣಿಸಿಕೊಂಡಾಗ ಅದು ನೀರಿನ ಹಾಗಿರಲಿಲ್ಲ, ಮಣ್ಣಿನ ಗೋಡೆಯೊಂದು ನಡೆದು ಬರುತ್ತಿದ್ದ ಹಾಗಿತ್ತು.

ಲಾರಿಯ ಹಿಂದೆ ಅಡ್ಡ ಕಟ್ಟಿದ್ದ ಹಗ್ಗವನ್ನು ಭಾವ ಆಗಲೇ ಬಿಚ್ಚಿದ್ದರು. ಒಂದು ತುದಿಯನ್ನು ನಮ್ಮ ಲಾರಿಯ ಮುಂಭಾಗಕ್ಕೆ, ಇನ್ನೊಂದನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಂಡರು. ಗಂಡಸರು ಹೆಂಗಸರು ಎನ್ನದೆ ನಾವೆಲ್ಲ ಹಗ್ಗ ಹಿಡಿದೆವು. ಎದೆಮಟ್ಟದ ನೀರಿನಲ್ಲಿ ಅವರು ಎರಡು ಸಲ ಹೋಗಿ ಬಂದರು. ಮೊದಲ ಸಲ ಮ್ಯಾನೇಜರನ್ನು ತಂದರು, ಎರಡನೆಯ ಸಲ ಡ್ರೈವರನ್ನು. ಎರಡನೆಯ ಸಲ ದಡ ಮುಟ್ಟುವ ಮೊದಲೇ ಕಲ್ಲಿನ ಲಾರಿ ಮೆಲ್ಲಗೆ ಮಗ್ಗುಲಾಗಿ ಮಲಗಿತು. ಹೊಳೆ ಅದರ ಮೇಲೆ ಹರಿಯಿತು.

ಮ್ಯಾನೇಜರ ಪೇಟ ಹೋಗಿತ್ತು, ಒಂದು ಬೂಟು ಹೋಗಿತ್ತು. ಗಡಗಡ ನಡುಗುತ್ತಿದ್ದರು. ಭಾವ ತಮ್ಮ ಕಂಬಳಿಯನ್ನು ಅವರಿಗೆ ಹೊದಿಸಿದರು. ನಾನು ಹೇಳಲಿಲ್ಲವೆ ಎಂಬ ಒಂದು ಮಾತನ್ನೂ ಆಡಲಿಲ್ಲ. ಎಲ್ಲರನ್ನೂ ಮತ್ತೆ ಅವರವರ ಜಾಗದಲ್ಲಿ ಕೂರಿಸಿ, ಲಾರಿ ತಿರುಗಿಸಿ, ಮನೆಗಳಿಗೆ ಬಿಟ್ಟುಬಂದರು.

ಇಲ್ಲಿಗೆ ಕಥೆ ಮುಗಿದು, ಭಾವನಿಗೆ ಹಾರ ಹಾಕಿದರು ಎಂದು ಬರೆಯುವಂತಿದ್ದರೆ ಎಷ್ಟು ಚೆನ್ನಾಗಿತ್ತು. ಎಂಟು ದಿನದ ಮೇಲೆ ಮ್ಯಾನೇಜರು ನನ್ನನ್ನು ಕೋಣೆಗೆ ಕರೆದು ಒಂದು ಕಾಗದ ಬರೆಸಿದರು. ಮುಳುಗಿದ ಲಾರಿಗೆ ಯಾರಾದರೂ ಹೊಣೆಯಾಗಬೇಕಿತ್ತು. ಕಾಗದದಲ್ಲಿ ಇದ್ದದ್ದು ಇಷ್ಟು: ಆಳುಗಳ ಲಾರಿಯ ಡ್ರೈವರನು ಆಜ್ಞೆ ಮೀರಿ ತಡಮಾಡಿದ್ದರಿಂದ ಇನ್ನೊಂದು ವಾಹನವನ್ನು ಅವಸರದಲ್ಲಿ ಹೊಳೆಗೆ ಇಳಿಸಬೇಕಾಯಿತು, ಆ ಕಾರಣ ಕಂಪನಿಗೆ ನಷ್ಟವಾಯಿತು, ಆದ್ದರಿಂದ ಅವನನ್ನು ಕೆಲಸದಿಂದ ತೆಗೆಯಲಾಗಿದೆ. ನಾನು ಪೆನ್ನನ್ನು ಮಸಿಕುಡಿಕೆಯಲ್ಲಿ ಮತ್ತೆ ಮತ್ತೆ ಅದ್ದುತ್ತಿದ್ದೆ.

“ಮಸಿ ಮುಗಿದಿದೆಯೇನು?” ಎಂದು ಮ್ಯಾನೇಜರು ಕೇಳಿದರು.

ಇಲ್ಲ ಸಾರ್ ಎಂದೆ. ಬರೆದೆ.

ಭಾನುವಾರ ಬೆಳಗ್ಗೆ ಭಾವ ಆ ಕಾಗದ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಹಿಂದೆಯೇ ಅಕ್ಕನೂ ಬಂದು ಬಾಗಿಲಲ್ಲಿ ನಿಂತಳು. ಜಗಲಿಯ ಮೇಲೆ ಕೂತು, ಇದನ್ನೊಂದು ಸಲ ಓದು ಎಂದು ಭಾವ ನನ್ನ ಕೈಗೆ ಕೊಟ್ಟರು. ನನ್ನ ಅಕ್ಷರವನ್ನು ನಾನೇ ಗಟ್ಟಿಯಾಗಿ ಓದಿದೆ. ಅಷ್ಟು ಉದ್ದದ ಕಾಗದವನ್ನು ನಾನು ಜನ್ಮದಲ್ಲಿ ಓದಿಲ್ಲ, ಇದ್ದದ್ದು ಏಳು ಸಾಲು. ಭಾವ ಪೂರ್ತಿ ಕೇಳಿ, ಅವತ್ತು ಲಾರಿಯಲ್ಲಿ ಇದ್ದವರ ವಿಷಯ ಏನೂ ಬರೆದಿಲ್ಲವೆ ಎಂದು ಕೇಳಿದರು. ಇಲ್ಲ ಎಂದೆ. ಬರೆಯಬೇಕಿತ್ತು ಎಂದರು. ಕೋಪದಿಂದಲ್ಲ, ಗಾಲಿಗೆ ಗಾಳಿ ಕಡಿಮೆಯಿದೆ ಎನ್ನುವ ಹಾಗೆ.

“ಬರೆದೋನು ನಾನೇ ಭಾವ,” ಎಂದೆ.

“ಗೊತ್ತು ಕಣ್ಲಾ. ನಿಮ್ಮಕ್ಕನಿಗೆ ನೀನು ಬರೀತಿದ್ದ ಕಾಗ್ದ ಎಷ್ಟು ನೋಡಿಲ್ಲ ನಾನು. ಓದಕ್ಕೆ ಬರದೆ ಇದ್ರೂ ನಿನ್ ಅಕ್ಷರದ ಗುರ್ತು ಸಿಗಲ್ವಾ?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ನಾನು ಒಳಗೆ ಹೋಗಿ ಹೊಸ ಕಾಗದ ತಂದೆ. ಬೆಂಗಳೂರಿನ ದೊಡ್ಡ ಆಫೀಸಿಗೆ ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ, ಕೆಳಗೆ ನನ್ನ ಸಹಿ ಹಾಕುತ್ತೇನೆ ಎಂದೆ. ನಿನ್ನ ಕೆಲಸಕ್ಕೆ ಕುತ್ತು ಬರುತ್ತದೆ, ಬೇಡ ಎಂದರು ಭಾವ. ಬರೆಯಲಿ ಬಿಡಿ ಎಂದಳು ಅಕ್ಕ. ಅವರಿಬ್ಬರ ನಡುವೆ ಕೊನೆಯ ಮಾತು ಯಾವಾಗಲೂ ಅವಳದೇ.

ಆ ಕಾಗದದಿಂದ ಏನಾಯಿತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಒಂದೂವರೆ ತಿಂಗಳ ಮೇಲೆ ವಿಚಾರಣೆಗೆ ಒಬ್ಬರು ಬಂದರು. ಮೊದಲ ಸಾಕ್ಷಿ ನರಸಮ್ಮ. ಅವಳು ಮಾತು ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಗಿ, ಅವರು ಎರಡನೆಯ ಸಾಕ್ಷಿ ಬೇಕಿಲ್ಲ ಎಂದರು. ಭಾವನಿಗೆ ಕೆಲಸ ಮರಳಿ ಬಂತು. ಮ್ಯಾನೇಜರಿಗೆ ಬೇರೆ ಊರಿಗೆ ವರ್ಗವಾಯಿತು. ಹೊರಡುವ ಹಿಂದಿನ ದಿನ ಅವರು ಭಾವನ ಮನೆಗೆ ಬಂದು, ಒಗೆದು ಮಡಿಚಿದ ಕಂಬಳಿಯನ್ನು ಜಗಲಿಯ ಮೇಲಿಟ್ಟು, ಅಕ್ಕ ಕೊಟ್ಟ ಹಾಲು ಕುಡಿದು ಹೋದರು. ಯುದ್ಧ ಮುಗಿದು ಗಣಿ ಮುಚ್ಚುವವರೆಗೆ ಭಾವ ಆ ಲಾರಿಯನ್ನು ಅದೇ ನಿಧಾನದಲ್ಲಿ ನಡೆಸಿದರು. ಅವರು ಹೋಗಿ ಈಗ ಬಹಳ ವರ್ಷವಾಯಿತು.

ಆದರೆ ನನಗೆ ನೆನಪಾಗುವುದು ಆ ಭಾನುವಾರ. ನಡೆದದ್ದನ್ನೆಲ್ಲ ಬರೆದಾದ ಮೇಲೆ, ಲಾರಿಯಲ್ಲಿದ್ದವರ ಹೆಸರುಗಳನ್ನೂ ಬರೆ ಎಂದರು ಭಾವ. ನಾನು ಹಾಜರಿ ಪುಸ್ತಕ ತೆಗೆಯಲು ಹೋದರೆ ಬೇಡವೆಂದು, ಕಣ್ಣು ಮುಚ್ಚಿಕೊಂಡು, ಕೂತ ಸಾಲಿನ ಪ್ರಕಾರ ತಾವೇ ಹೇಳತೊಡಗಿದರು. ಹನುಮಕ್ಕ, ಎಡಗಿವಿ ಕೇಳುವುದಿಲ್ಲ. ರಂಗಪ್ಪ, ಮೊಣಕಾಲು ಮಡಿಸಲಾರ. ಗಂಗಮ್ಮ, ಆರು ತಿಂಗಳ ಬಸುರಿ. ಗಂಗಮ್ಮನ ಹೆಸರಿನ ಪಕ್ಕದಲ್ಲಿ, ಹೊಟ್ಟೆಯಲ್ಲಿ ಒಂದು ಕೂಸು ಎಂದೂ ಬರೆಸಿದರು. ಕಂಪನಿಯವರು ನಗುತ್ತಾರೆ ಎಂದು ನನಗನ್ನಿಸಿತು, ಆದರೂ ಬರೆದೆ. ನಾನು ದಿನವೂ ಹಾಜರಿ ಹಾಕುತ್ತಿದ್ದವರೇ ಅವರೆಲ್ಲ. ಅವರಲ್ಲಿ ಯಾರಿಗೆ ಯಾವ ಕಿವಿ ಕೇಳುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ.

ಬರೆದು ಮುಗಿಸಿ ಎಣಿಸಿದೆ. ಮೂವತ್ತು ಹೆಸರು, ಸರಿಹೋಯಿತು ಎಂದೆ.

ಭಾವ ಕಣ್ಣು ತೆರೆದು, ಇಲ್ಲ, ಇನ್ನೊಬ್ಬರಿದ್ದಾರೆ ಎಂದರು.

ನಾನು ಮೇಲಿನಿಂದ ಮತ್ತೆ ಓದಿದೆ. ಯಾರು ಬಿಟ್ಟುಹೋಗಿದ್ದಾರೆಂದು ಹೊಳೆಯಲಿಲ್ಲ. ಅಕ್ಕನಿಗೆ ಹೊಳೆದಿತ್ತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

“ನಿನ್ ಎಸ್ರು ಬರ್ಕೊ,” ಎಂದರು ಭಾವ. “ಅವತ್ತು ನಿನ್ನೂ ಮನೆಗೆ ಕರ್ಕೊಂಡ್ಬಂದಿದ್ದು ನಾನೇ ಅಲ್ವೇನ್ಲಾ.”